ಹರಕೆಯ ಆಟ: ಊರಿನ ಕಲೆ ಮತ್ತು ಊರಿನ ಬಾಳುವೆ

1. ಪೀಠಿಕೆ

ಕಲೆಯನ್ನು ಕುರಿತು ವಿಚಾರಮಾಡುವಾಗ ಸಾಮಾನ್ಯವಾಗಿ ನಮ್ಮ ಮನಸ್ಸಿನ ಮುಂದೆ ಇಬ್ಬರು ನಿಲ್ಲುತ್ತಾರೆ: ಕಲಾಕೃತಿಯನ್ನು ನಿರ್ಮಿಸತಕ್ಕವನು ಒಬ್ಬ, ಅದನ್ನು ಆಸ್ವಾದಿಸತಕ್ಕವನು ಮತ್ತೊಬ್ಬ. ಚಿತ್ರವು ಗೋಡೆಯ ಮೇಲಿರುತ್ತದೆ, ನೋಡುವವನು ಅದರ ಎದುರಿಗಿರುತ್ತಾನೆ. ಗಾಯಕನು ವೇದಿಕೆಯ ಮೇಲಿರುತ್ತಾನೆ, ಕೇಳುವವನು ಕೆಳಗಿರುತ್ತಾನೆ. ಇವರಿಬ್ಬರ ನಡುವಣ ಅಂತರವನ್ನು ನಾವು ಸಹಜವೆಂದೇ ಭಾವಿಸಿಬಿಟ್ಟಿದ್ದೇವೆ. ಆದರೆ ಈ ಅಂತರವು ಎಲ್ಲ ಕಾಲಗಳಲ್ಲಿಯೂ ಎಲ್ಲ ಜನರಲ್ಲಿಯೂ ಇದ್ದದ್ದಲ್ಲ. ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿಯವರು 1934ರಲ್ಲಿ ಪ್ರಕಟಿಸಿದ ತಮ್ಮ ಕಲಾಮೀಮಾಂಸೆಯ ಗ್ರಂಥದಲ್ಲಿ, ಕಲೆಯು ದಿನಬಳಕೆಯ ಬದುಕಿನಿಂದ ಬೇರ್ಪಟ್ಟು ವಸ್ತುಸಂಗ್ರಹಾಲಯವನ್ನು ಸೇರಿದ್ದು ಇತಿಹಾಸದಲ್ಲಿ ನಡೆದ ಒಂದು ಘಟನೆಯೇ ಹೊರತು ಕಲೆಯ ಸ್ವಭಾವವಲ್ಲವೆಂದು ವಾದಿಸಿದರು. ನಮ್ಮ ಅಲಂಕಾರಿಕರು ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಪ್ರವೇಶಿಸಿದ್ದರು. ಭಟ್ಟನಾಯಕನು ಹೇಳಿದ ಸಾಧಾರಣೀಕರಣವಾಗಲಿ, ಅಭಿನವಗುಪ್ತನು ಹೇಳಿದ ಸಾಮಾಜಿಕರ ಪ್ರತೀತಿಯ ಏಕಘನತೆಯಾಗಲಿ, ರಸಾನುಭವವು ಒಬ್ಬೊಬ್ಬನ ಸ್ವಂತ ಸೊತ್ತಲ್ಲ, ನೆರೆದವರೆಲ್ಲರೂ ಕೂಡಿ ಪಡೆಯತಕ್ಕದ್ದು ಎಂಬ ತತ್ತ್ವವನ್ನೇ ಸೂಚಿಸುತ್ತವೆ.

ತತ್ತ್ವವು ಹೀಗಿದ್ದರೂ, ಕಲೆಯೊಂದು 'ಸಮುದಾಯದ ಕಲೆ' ಎನಿಸಿಕೊಳ್ಳುವುದು ಯಾವ ಆಧಾರದಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಬಹುಜನರು ನೋಡಿದರೆಂಬ ಮಾತ್ರಕ್ಕೆ ಅದು ಸಮುದಾಯದ್ದಾಗುವುದಿಲ್ಲ. ಹಾಗಾದರೆ ಚಲನಚಿತ್ರಕ್ಕಿಂತ ದೊಡ್ಡ ಸಮುದಾಯಕಲೆ ಬೇರೊಂದಿರಲಾರದು. ಹಳ್ಳಿಯವರು ಮಾಡಿದರೆಂಬ ಮಾತ್ರಕ್ಕೂ ಆಗುವುದಿಲ್ಲ. ಇದಕ್ಕೆ ಉತ್ತರವನ್ನು ಕೇವಲ ತರ್ಕದಿಂದ ಹುಡುಕುವ ಬದಲು, ಕರ್ಣಾಟಕದ ಕರಾವಳಿಯಲ್ಲಿ ಇಂದಿಗೂ ಜೀವಂತವಾಗಿರುವ ಯಕ್ಷಗಾನದ ಹರಕೆಯ ಬಯಲಾಟವನ್ನು ನಿದರ್ಶನವಾಗಿ ತೆಗೆದುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

2. ಹರಕೆಯ ಆಟದ ಸ್ವರೂಪ

ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಲ್ಲಿಯೂ ಅವಕ್ಕೆ ಹೊಂದಿದ ಮಲೆನಾಡಿನ ಸೀಮೆಗಳಲ್ಲಿಯೂ ಯಕ್ಷಗಾನವು ಪ್ರಚಾರದಲ್ಲಿದೆ. ತೆಂಕುತಿಟ್ಟು, ಬಡಗುತಿಟ್ಟು ಎಂಬ ಭೇದಗಳೂ ಅವುಗಳ ವೇಷ, ವಾದ್ಯ, ಕುಣಿತಗಳ ವೈಶಿಷ್ಟ್ಯಗಳೂ ವಾಚಕರಿಗೆ ತಿಳಿದವೇ. ಡಾ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಎಂಬ ಗ್ರಂಥವು 1957ರಲ್ಲಿ ಪ್ರಕಟವಾಗಿ, 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಮೇಲೆ, ಈ ಕಲೆಯ ರೂಪವನ್ನು ಕುರಿತ ಅಧ್ಯಯನಕ್ಕೆ ಭದ್ರವಾದ ತಳಹದಿ ದೊರೆಯಿತು. ಇಲ್ಲಿ ನಾವು ನೋಡಬೇಕಾಗಿರುವುದು ಕಲೆಯ ರೂಪವನ್ನಲ್ಲ. ಆ ರೂಪವನ್ನು ಹೊತ್ತು ನಿಲ್ಲಿಸಿರುವ ಊರಿನ ವ್ಯವಸ್ಥೆಯನ್ನು.

ಕಟೀಲು, ಮಂದಾರ್ತಿಗಳಂತಹ ದೇವಸ್ಥಾನಗಳಿಗೆ ತಮ್ಮವೇ ಆದ ಮೇಳಗಳಿವೆ. ದೀಪಾವಳಿ ಕಳೆದ ಮೇಲೆ, ಸಾಮಾನ್ಯವಾಗಿ ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ, ದೇವರ ಮುಂದೆ ಗೆಜ್ಜೆಕಟ್ಟಿ ಮೇಳವು ತಿರುಗಾಟಕ್ಕೆ ಹೊರಡುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯ ಹೊತ್ತಿಗೆ, ಎಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಗೆಜ್ಜೆಬಿಚ್ಚಿ ತಿರುಗಾಟವನ್ನು ಮುಗಿಸುತ್ತದೆ. ಈ ನಡುವಣ ಸುಮಾರು ಆರು ತಿಂಗಳು ದಿನಕ್ಕೊಂದು ಊರು, ದಿನಕ್ಕೊಂದು ಆಟ. ಮಳೆಗಾಲದಲ್ಲಿ ಬಯಲಿನಲ್ಲಿ ಆಟವಾಡುವುದು ಸಾಧ್ಯವಿಲ್ಲ. ಆಗ ಮನೆಯ ಚಾವಡಿಗಳಲ್ಲಿಯೂ ದೇವಸ್ಥಾನದ ಜಗಲಿಗಳಲ್ಲಿಯೂ ವೇಷವಿಲ್ಲದ ತಾಳಮದ್ದಳೆಯು ನಡೆಯುತ್ತದೆ. ಹೀಗೆ ಕಲೆಯ ಪಂಚಾಂಗವು ಬೇಸಾಯದ ಪಂಚಾಂಗವನ್ನೇ ಅನುಸರಿಸಿದೆ. ಬೆಳೆ ಕೊಯ್ದು ಬರಿದಾದ ಗದ್ದೆಯೇ ರಂಗಸ್ಥಳ. ದುಡಿಮೆಯ ನೆಲವೂ ಆಟದ ನೆಲವೂ ಒಂದೇ.

ಆಟವನ್ನು ಆಡಿಸತಕ್ಕವನು ಸಾಮಾನ್ಯವಾಗಿ ಒಬ್ಬ ಗೃಹಸ್ಥ. ಮನೆಯಲ್ಲಿ ರೋಗ ವಾಸಿಯಾಗಲೆಂದೋ, ಸಂತಾನವಾಗಲೆಂದೋ, ವ್ಯಾಜ್ಯವು ಬಗೆಹರಿಯಲೆಂದೋ ಹರಕೆ ಹೊತ್ತಿರುತ್ತಾನೆ. ಇಷ್ಟಾರ್ಥವು ಈಡೇರಿದಾಗ ದೇವರಿಗೆ ಆತನು ಸಲ್ಲಿಸುವ ಕಾಣಿಕೆಯು ಬೆಳ್ಳಿಯ ತೊಟ್ಟಿಲಲ್ಲ, ದೀಪಸ್ತಂಭವಲ್ಲ, ಒಂದು ರಾತ್ರಿಯ ನಾಟಕ. ಇದು ಸಾಮಾನ್ಯವಾದ ಸಂಗತಿಯಲ್ಲ. ಕಾಣಿಕೆಯು ದೇವರಿಗೆ ಸಲ್ಲುತ್ತದೆ, ಆದರೆ ಅದರ ಭೋಗವು ಊರಿಗೆಲ್ಲ ದೊರೆಯುತ್ತದೆ. ಒಬ್ಬನ ಮನೆಯ ಸಂಕಟವು ಊರಿನ ಸಂತೋಷವಾಗಿ ಪರಿಣಮಿಸುವ ಈ ಮಾರ್ಪಾಟಿನಲ್ಲಿಯೇ ಹರಕೆಯ ಆಟದ ಸಾಮಾಜಿಕ ಮರ್ಮವಡಗಿದೆ.

ಆಟದ ವೆಚ್ಚವನ್ನು ಒಬ್ಬನೇ ಭರಿಸಲಾರದೆಡೆಯಲ್ಲಿ 'ಹತ್ತು ಸಮಸ್ತರು' ಕೂಡಿ ಆಡಿಸುವುದುಂಟು. ಈ ಪದವನ್ನು ಸ್ವಲ್ಪ ಗಮನಿಸಬೇಕು. ಇದು ಒಂದು ಸಂಘದ ಹೆಸರಲ್ಲ, ಇದಕ್ಕೆ ಸದಸ್ಯರ ಪಟ್ಟಿಯಿಲ್ಲ. ಊರಿನಲ್ಲಿ ಒಲೆ ಹೊತ್ತಿಸತಕ್ಕವರೆಲ್ಲರೂ ಸೇರಿದ್ದೇವೆಂಬ ಭಾವನೆಯನ್ನು ಅದು ಸೂಚಿಸುತ್ತದೆ.

ಕಲೆಗಾಗಿ ಸಮಾಜವು ತನ್ನ ಸಂಪತ್ತಿನಲ್ಲಿ ಪಾಲನ್ನು ತೆಗೆದಿಡುವ ಈ ಪದ್ಧತಿಯು ಹೊಸದೇನೂ ಅಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವೊಂದರಲ್ಲಿ ತಾಳಮದ್ದಳೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಉಲ್ಲೇಖವಿರುವುದನ್ನು ವಿದ್ವಾಂಸರು ಎತ್ತಿತೋರಿಸಿದ್ದಾರೆ. ಕರಾವಳಿಯಿಂದ ದೂರವಾದ ಒಂದೆಡೆಯಲ್ಲಿ ಈ ದಾಖಲೆ ದೊರೆತಿರುವುದರಿಂದ, ಇಂತಹ ಕಲೆಗೆ ಆಶ್ರಯಕೊಡುವ ರೂಢಿಯು ಒಂದು ಕಾಲಕ್ಕೆ ವಿಸ್ತಾರವಾದ ಪ್ರದೇಶದಲ್ಲಿ ಹರಡಿತ್ತೆಂದು ಹೇಳಲವಕಾಶವಿದೆ.

3. ದುಡಿಮೆಯ ಪಾಲು

ಆಟದ ದಿನ ಬೆಳಗಿನಿಂದಲೇ ಊರಿನಲ್ಲಿ ಕೆಲಸ ತೊಡಗುತ್ತದೆ. ಮನೆಯ ಮುಂದಣ ಬಾಕಿಮಾರು ಗದ್ದೆಯನ್ನು ಸಮಮಾಡುವವರು ಕೆಲವರು. ಕಂಬ ನೆಟ್ಟು ಮಾವಿನ ತೋರಣ ಕಟ್ಟುವವರು ಕೆಲವರು. ಚೌಕಿಗೆ, ಎಂದರೆ ವೇಷಕಟ್ಟುವ ಎಡೆಗೆ, ಚಪ್ಪರ ಹಾಕುವವರು ಮತ್ತೆ ಕೆಲವರು. ಅಡಿಗೆಯ ಮನೆಯಲ್ಲಿ ನೆರೆಹೊರೆಯ ಹೆಂಗಸರು ಕೂಡಿರುತ್ತಾರೆ. ಮೇಳದವರಿಗೆ ಮಾತ್ರವಲ್ಲದೆ ಬಂದವರಿಗೆಲ್ಲ ಊಟವಿಕ್ಕುವುದು ಅನೇಕ ಕಡೆಗಳಲ್ಲಿ ರೂಢಿ. ಮೇಳದ ದೇವರು ಬಂದಾಗ ಮನೆಯವರು ಅದನ್ನು ಗೌರವದಿಂದ ಬರಮಾಡಿಕೊಂಡು ಚೌಕಿಯಲ್ಲಿ ಇಳಿಸುತ್ತಾರೆ. ಸಂಜೆ ಕೇಳಿ ಹೊಡೆಯುತ್ತಾರೆ. ಆ ಚೆಂಡೆಯ ಸದ್ದು ಗುಡ್ಡದಾಚೆಯ ಮನೆಗಳಿಗೂ ಕರೆಯೋಲೆಯಾಗುತ್ತದೆ. ಅದನ್ನು ಕೇಳಿದವನು ಆಹ್ವಾನಿತನೇ.

ಈ ದುಡಿಮೆಯಲ್ಲಿ ಪಾಲ್ಗೊಂಡವನು ರಾತ್ರಿ ಚಾಪೆಯ ಮೇಲೆ ಕುಳಿತು ಆಟವನ್ನು ನೋಡುವಾಗ ಕೇವಲ ಪ್ರೇಕ್ಷಕನಲ್ಲ. ತಾನು ನೆಟ್ಟ ಕಂಬದ ನಡುವೆ ದೇವೇಂದ್ರನ ಒಡ್ಡೋಲಗವಾಗುವುದನ್ನು ಅವನು ನೋಡುತ್ತಾನೆ. ಮರುದಿನ ಆ ಕಂಬವನ್ನು ಕಿತ್ತು ಅದೇ ಗದ್ದೆಗೆ ಗೊಬ್ಬರ ಹೊರಬೇಕಾದವನೂ ಅವನೇ. ಕಲೆಗೂ ದಿನದ ಬಾಳುವೆಗೂ ನಡುವೆ ಇಲ್ಲಿ ಬಾಗಿಲಿಲ್ಲ.

ದುಡಿಮೆಯ ಈ ಪಾಲು ಇನ್ನೂ ಮುಂದೆ ಸಾಗಿದ ನಿದರ್ಶನವೂ ನಮ್ಮ ನಾಡಿನಲ್ಲಿದೆ. ಬಯಲುಸೀಮೆಯ ಮೂಡಲಪಾಯದಲ್ಲಿಯೂ ಉತ್ತರ ಕರ್ಣಾಟಕದ ದೊಡ್ಡಾಟದಲ್ಲಿಯೂ ವೇಷ ಹಾಕತಕ್ಕವರು ಹೆಚ್ಚಾಗಿ ಊರಿನ ಒಕ್ಕಲಿಗರೇ, ಕುಶಲಕರ್ಮಿಗಳೇ. ಗುರುವೊಬ್ಬನನ್ನು ಗೊತ್ತುಮಾಡಿ, ಬಿಡುವಿನ ರಾತ್ರಿಗಳಲ್ಲಿ ತಿಂಗಳುಗಟ್ಟಲೆ ಕಲಿತು, ವರುಷಕ್ಕೊಂದು ಆಟವನ್ನು ಅವರು ಆಡುತ್ತಾರೆ. ಕರಾವಳಿಯಲ್ಲಿ ಕಲಾವಿದನು ವೃತ್ತಿಯವನು, ಊರು ಆತಿಥೇಯ. ಬಯಲುಸೀಮೆಯಲ್ಲಿ ಊರೇ ಕಲಾವಿದ. ಮೊದಲನೆಯದರಲ್ಲಿ ಕುಶಲತೆಯು ಹೆಚ್ಚು ಪಕ್ವವಾಗುವುದಕ್ಕೂ ಎರಡನೆಯದರಲ್ಲಿ ಭಾಗವಹಿಸುವಿಕೆಯು ಹೆಚ್ಚು ಗಾಢವಾಗುವುದಕ್ಕೂ ಅವಕಾಶವುಂಟು.

4. ತಿಳಿವಿನ ಪಾಲು ಮತ್ತು ತೀರ್ಪಿನ ಪಾಲು

ಯಕ್ಷಗಾನದಲ್ಲಿ ಭಾಗವತನು ಹಾಡುವ ಪ್ರಸಂಗದ ಪದ್ಯಗಳು ಬರಹದಲ್ಲಿವೆ. ಆದರೆ ವೇಷಧಾರಿಯು ಆಡುವ ಅರ್ಥವು ಬರಹದಲ್ಲಿಲ್ಲ. ಅದು ಆ ರಾತ್ರಿ, ಆ ಎದುರಾಳಿಯ ಮುಂದೆ, ಆ ಸಭೆಯ ಎದುರಿನಲ್ಲಿ ಹುಟ್ಟಬೇಕು. ಕರ್ಣನ ಕಥೆ ಹೇಗೆ ಮುಗಿಯುವುದೆಂಬುದು ಮಕ್ಕಳಿಗೂ ಗೊತ್ತು. ಆದಕಾರಣ ಸಭಿಕರ ಕುತೂಹಲವು ಮುಂದೇನಾಗುವುದೆಂಬುದರ ಮೇಲಲ್ಲ, ಈ ವೇಷಧಾರಿಯು ಇಂದು ಕರ್ಣನ ಪಕ್ಷವನ್ನು ಹೇಗೆ ಸಮರ್ಥಿಸುವನೆಂಬುದರ ಮೇಲೆ ನೆಟ್ಟಿರುತ್ತದೆ. ಕಥೆಯನ್ನು ಎಲ್ಲರೂ ಬಲ್ಲರೆಂಬುದು ಈ ಕಲೆಯ ಮಿತಿಯಲ್ಲ, ಅದರ ಬಂಡವಾಳ. ಅಕ್ಷರವನ್ನು ಕಲಿಯದ ಮುದುಕಿಯೊಬ್ಬಳು ಕೃಷ್ಣಸಂಧಾನದ ನ್ಯಾಯಾನ್ಯಾಯಗಳನ್ನು ಸೂಕ್ಷ್ಮವಾಗಿ ಚರ್ಚಿಸಬಲ್ಲವಳಾದರೆ, ಆ ವಿದ್ಯೆಯು ಅವಳಿಗೆ ದೊರೆತದ್ದು ಗದ್ದೆಯ ಈ ಪಾಠಶಾಲೆಯಲ್ಲಿ.

ತಿಳಿವಿದ್ದೆಡೆಯಲ್ಲಿ ತೀರ್ಪೂ ಹುಟ್ಟುತ್ತದೆ. ನಾಟ್ಯಶಾಸ್ತ್ರವು ಪ್ರಯೋಗದ ಸಿದ್ಧಿಯನ್ನು ದೈವಿಕಿ, ಮಾನುಷಿ ಎಂದು ವಿಂಗಡಿಸಿ, ಸಭಿಕರ ನಗೆ, ಉದ್ಗಾರ, ರೋಮಾಂಚಗಳನ್ನು ಪ್ರಯೋಗವನ್ನು ಅಳೆಯುವ ಲಕ್ಷಣಗಳಾಗಿ ಪರಿಗಣಿಸಿದೆ. ಬಯಲಾಟದ ಸಭೆಯು ಈ ಶಾಸ್ತ್ರವನ್ನು ಓದದೆಯೇ ಆಚರಿಸುತ್ತದೆ. ಎರಡು ಮೇಳಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಒಂದೇ ಪ್ರಸಂಗವನ್ನು ಏಕಕಾಲದಲ್ಲಿ ಆಡಿಸುವ ಜೋಡಾಟವು ಇದರ ಪರಾಕಾಷ್ಠೆ. ಜನರು ಯಾವ ರಂಗಸ್ಥಳದ ಕಡೆಗೆ ಸರಿಯುವರೋ ಅದೇ ಗೆದ್ದದ್ದು. ಜೋಡಾಟಗಳು ಕಲಹದಲ್ಲಿ ಮುಗಿದದ್ದೂ ಉಂಟು; ಆದರೆ ಕಲಹಕ್ಕೆ ಕಾರಣವಾಗುವಷ್ಟು ಮಹತ್ತ್ವವು ಕುಣಿತಕ್ಕೂ ಮಾತಿಗೂ ಇತ್ತೆಂಬುದನ್ನು ಮರೆಯಬಾರದು.

ಈ ಹಂಚಿಕೆಯ ಅನುಭವವು ಎಷ್ಟರಮಟ್ಟಿಗೆ ರಂಗರಚನೆಯೊಳಕ್ಕೇ ಇಳಿದಿದೆಯೆಂಬುದಕ್ಕೆ ತೆಂಕುತಿಟ್ಟಿನ 'ದೇವೀ ಮಹಾತ್ಮೆ'ಯ ಮಹಿಷಾಸುರನ ಪ್ರವೇಶವು ಒಳ್ಳೆಯ ಉದಾಹರಣೆ. ಮಹಿಷಾಸುರನು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ನಡುರಾತ್ರಿ ಕಳೆದ ಮೇಲೆ ಸಭೆಯ ಹಿಂದಣ ಕತ್ತಲೆಯಿಂದ, ದೊಂದಿಗಳ ನಡುವೆ, ರಾಳದ ಪುಡಿಯ ಉರಿ ಭುಗಿಲೆದ್ದು ಬೆಳಗುತ್ತಿರುವಾಗ, ಆರ್ಭಟಿಸುತ್ತ ಜನರ ನಡುವಿನಿಂದಲೇ ಬರುತ್ತಾನೆ. ನಿದ್ರೆಹೋದ ಮಕ್ಕಳನ್ನು ತಾಯಂದಿರು ಎಬ್ಬಿಸುತ್ತಾರೆ. ಸಭೆಯೇ ಇಬ್ಭಾಗವಾಗಿ ದಾರಿ ಬಿಡುತ್ತದೆ. ಆ ಕ್ಷಣದಲ್ಲಿ ಕುಳಿತಿದ್ದವರ ನಡುವೆಯೇ ರಂಗಸ್ಥಳವು ತೆರೆದುಕೊಳ್ಳುತ್ತದೆ. ಊರೇ ಮಹಿಷನಿಂದ ಪೀಡಿತವಾದ ಲೋಕವಾಗುತ್ತದೆ. ಬೆಳಗಿನ ಜಾವಕ್ಕೆ ದೇವಿಯು ಗೆದ್ದು, ಮಂಗಳವಾಗಿ, ಪ್ರಸಾದ ಪಡೆದು ಜನರು ಮನೆಗೆ ತೆರಳುವಾಗ ನಿಜವಾಗಿಯೂ ಬೆಳಕು ಹರಿದಿರುತ್ತದೆ. ಕಥೆಯ ಕಾಲವೂ ಊರಿನ ಕಾಲವೂ ಒಂದನ್ನೊಂದು ಕೂಡುತ್ತವೆ.

5. ಹಂಚಿಕೆಯ ಮಿತಿಗಳು

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಸ್ತುತಿಯಾದೀತೇ ಹೊರತು ಇತಿಹಾಸವಾಗಲಾರದು. ಎಲ್ಲರೂ ಕೂಡಿದ್ದರು ಎಂದ ಮಾತ್ರಕ್ಕೆ ಎಲ್ಲರೂ ಸಮನಾಗಿ ಕೂಡಿದ್ದರೆಂದು ಅರ್ಥವಲ್ಲ. ಹಿಂದೆ ಆಟವನ್ನು ಆಡಿಸುವ ಶಕ್ತಿಯು ಬಹುಮಟ್ಟಿಗೆ ಭೂಮಾಲಿಕರ ದೊಡ್ಡ ಮನೆಗಳಿಗೆ ಸೀಮಿತವಾಗಿತ್ತು. ಗದ್ದೆಯನ್ನು ಸಮಮಾಡುತ್ತಿದ್ದ ಕೈಗಳಾದರೋ ಒಕ್ಕಲುಗಳವು, ಆಳುಗಳವು. ಕೂರುವ ಎಡೆಯಲ್ಲಿಯೂ ಉಣ್ಣುವ ಪಂಕ್ತಿಯಲ್ಲಿಯೂ ಜಾತಿಯ ಗೆರೆಗಳಿದ್ದುವು. ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ, ದೇವಸ್ಥಾನಗಳ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರಿಗೆ ಶಾಸನಬದ್ಧವಾಗಿ ತೆರೆದದ್ದು 1947ರ ದೇವಾಲಯ ಪ್ರವೇಶ ಕಾನೂನಿನಿಂದ. ಅದಕ್ಕೆ ಮುಂಚೆ, ಗುಡಿಯೊಳಗಿನ ದೇವಿಯನ್ನು ಕಾಣಲಾರದವನು ಗದ್ದೆಯ ಅಂಚಿನಲ್ಲಿ ನಿಂತು ರಂಗಸ್ಥಳದ ದೇವಿಯನ್ನು ನೋಡುವುದು ಸಾಧ್ಯವಿತ್ತು. ಬಯಲು ಎಂಬುದಕ್ಕೆ ಗೋಡೆಯಿಲ್ಲದಿದ್ದುದು ಒಂದು ದೊಡ್ಡ ಗುಣ. ಆದರೆ ಅಂಚು ಅಂಚೇ, ಅದು ನಡುವಲ್ಲ.

ಹೆಂಗಸರ ಪಾಲೂ ಹೀಗೆಯೇ. ಅಡಿಗೆಯ ದುಡಿಮೆಯಲ್ಲಿಯೂ ಸಭೆಯ ರಸಿಕತೆಯಲ್ಲಿಯೂ ಅವರು ಅರ್ಧಕ್ಕೆ ಕಡಿಮೆಯಿರಲಿಲ್ಲ. ರಂಗಸ್ಥಳದಲ್ಲಿ ಮಾತ್ರ ಸೀತೆಯೂ ದ್ರೌಪದಿಯೂ ಗಂಡಸರೇ. ದೇವಸ್ಥಾನದ ಮೇಳಗಳಲ್ಲಿ ಇಂದಿಗೂ ವೇಷಧಾರಿಗಳು ಬಹುಮಟ್ಟಿಗೆ ಪುರುಷರೇ ಆಗಿದ್ದಾರೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಮಹಿಳೆಯರ ತಂಡಗಳು ಹುಟ್ಟಿಕೊಂಡಿವೆ. ಉಡುಪಿ ಮೊದಲಾದ ಕಡೆಗಳ ಶಾಲೆಗಳಲ್ಲಿ ಬಾಲಕಿಯರೂ ಹೆಜ್ಜೆ ಕಲಿಯುತ್ತಿದ್ದಾರೆ.

ಕಲಾವಿದನ ವಿಷಯವನ್ನೂ ಮರೆಯುವಂತಿಲ್ಲ. ಊರಿಗೆ ಅದು ವರುಷಕ್ಕೊಂದು ಜಾಗರಣೆ. ಅವನಿಗೆ ಅದು ಆರು ತಿಂಗಳ ಜಾಗರಣೆ. ಭಾರವಾದ ವೇಷವನ್ನು ಹೊತ್ತು ಕುಣಿದು, ಹಗಲು ನಿದ್ರಿಸಿ, ಮತ್ತೊಂದೂರಿಗೆ ಹೊರಡುವ ಅವನ ದೇಹದ ಮೇಲೆ ಈ ಸಮುದಾಯದ ಆನಂದವೆಲ್ಲ ನಿಂತಿದೆ. ಮಳೆಗಾಲದಲ್ಲಿ ಅವನ ಸಂಸಾರವು ಹೇಗೆ ಸಾಗುತ್ತಿತ್ತೆಂಬುದನ್ನು ಕಲೆಯ ಚರಿತ್ರೆಕಾರರು ಅಷ್ಟಾಗಿ ವಿಚಾರಿಸಿಲ್ಲ.

6. ಬದಲಾವಣೆಯ ಗತಿ

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆಗೆ ಮೂರು ಬಗೆಯ ಪರಿವರ್ತನೆಗಳು ಒದಗಿದುವು. ಮೊದಲನೆಯದು ಡೇರೆ. ಶತಮಾನದ ನಡುಭಾಗದಲ್ಲಿ ಟಿಕೇಟಿನ ಡೇರೆ ಮೇಳಗಳು ಬೆಳೆದು ಬಂದುವು. ಹರಕೆಯವನ ಸ್ಥಾನವನ್ನು ಗುತ್ತಿಗೆದಾರನೂ ಚಾಪೆಯ ಸ್ಥಾನವನ್ನು ಕುರ್ಚಿಯೂ ಆಕ್ರಮಿಸಿದುವು. ಡೇರೆಯಿಂದ ಹಾನಿಯೇ ಆಯಿತೆನ್ನುವುದು ಸರಿಯಲ್ಲ. ಕಲಾವಿದರಿಗೆ ಹೆಸರೂ ಹೆಚ್ಚಿನ ಸಂಬಳವೂ ದೊರೆಯುವ ದಾರಿ ತೆರೆಯಿತು. ತುಳು ಭಾಷೆಯ ಪ್ರಸಂಗಗಳಿಗೆ, ಕೋಟಿಚೆನ್ನಯರಂತಹ ನಾಡ ವೀರರ ಕಥೆಗಳಿಗೆ ವಿಶಾಲವಾದ ಸಭೆ ಲಭಿಸಿತು. ಆದರೆ ಹಣ ಕೊಟ್ಟು ಒಳಗೆ ಬಂದವನು ಗಿರಾಕಿ. ಹತ್ತು ಸಮಸ್ತರಲ್ಲಿ ಒಬ್ಬನಲ್ಲ.

ಎರಡನೆಯದು ಭೂಸುಧಾರಣೆ. 1974ರ ಮಾರ್ಚಿಯಿಂದ ಜಾರಿಗೆ ಬಂದ ತಿದ್ದುಪಡಿಯ ಫಲವಾಗಿ ಕರಾವಳಿಯ ಅಸಂಖ್ಯ ಗೇಣಿದಾರರು ಭೂಮಿಯ ಒಡೆಯರಾದರು. ಬೊಂಬಾಯಿಯ ಹೋಟೆಲುಗಳಿಂದಲೂ ಅನಂತರ ಕೊಲ್ಲಿಯ ದೇಶಗಳಿಂದಲೂ ಹಣ ಊರಿಗೆ ಬರತೊಡಗಿತು. ಇಂದು ಕಟೀಲಿನಂತಹ ಕ್ಷೇತ್ರಗಳಲ್ಲಿ ಹರಕೆಯ ಆಟಕ್ಕೆ ಹೆಸರು ಬರೆಯಿಸಿದವರು ಹಲವು ವರುಷ ಕಾಯಬೇಕಾಗಿರುವುದಕ್ಕೂ ಈ ಆರ್ಥಿಕ ಪರಿವರ್ತನೆಗೂ ಇರಬಹುದಾದ ಸಂಬಂಧವು ಸಂಶೋಧಕರ ಗಮನಕ್ಕೆ ಅರ್ಹವಾಗಿದೆ. ಅಂಚಿನಲ್ಲಿ ನಿಂತು ನೋಡಿದವರ ಮೊಮ್ಮಕ್ಕಳು ಇಂದು ಆಟವನ್ನು ಆಡಿಸುವವರಾಗಿದ್ದರೆ, ಅದು ಕಲೆಯ ಚರಿತ್ರೆಯಷ್ಟೇ ಅಲ್ಲ, ಸಮಾಜದ ಚರಿತ್ರೆಯೂ ಹೌದು.

ಮೂರನೆಯದು ಕಾಲದ ಸಂಕೋಚ. ರಾತ್ರಿ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕದ ಬಳಕೆಯನ್ನು ನಿರ್ಬಂಧಿಸುವ ಶಬ್ದಮಾಲಿನ್ಯದ ನಿಯಮಗಳು 2000ದಲ್ಲಿ ಬಂದುವು. ಮರುದಿನ ಕಚೇರಿಗೆ ಹೋಗಬೇಕಾದ ಸಭಿಕರಿಗೆ ಜಾಗರಣೆ ಕಷ್ಟವಾಯಿತು. ಈ ಕಾರಣಗಳಿಂದ ಇತ್ತೀಚಿನ ವರುಷಗಳಲ್ಲಿ ಕಾಲಮಿತಿಯ ಆಟಗಳು ಪ್ರಚಾರಕ್ಕೆ ಬಂದಿವೆ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಮೇಳಗಳು ಪತ್ತನಾಜೆಗೆ ಮೊದಲೇ ತಿರುಗಾಟವನ್ನು ನಿಲ್ಲಿಸಬೇಕಾಯಿತು. ಆಟವನ್ನು ಕೈಯೊಳಗಿನ ದೂರವಾಣಿಯಲ್ಲಿ ನೋಡುವ ಅಭ್ಯಾಸವು ಅಲ್ಲಿಂದ ಮುಂದೆ ಇನ್ನಷ್ಟು ಬಲಿಯಿತು.

ಕಾಲಮಿತಿಯನ್ನು ಕೇವಲ ಅವನತಿಯೆಂದು ಬಗೆಯುವುದು ನ್ಯಾಯವಲ್ಲ. ನಿದ್ರೆಯು ಕಲಾವಿದನ ಹಕ್ಕು. ಕಥೆಯ ಬಿಗಿಯೂ ಒಂದು ಗುಣವೇ. ಆದರೆ ಮೇಲೆ ವಿವರಿಸಿದ ಹಂಚಿಕೆಯ ಪ್ರಕಾರಗಳನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ಕಳೆದುಹೋಗುವುದಾವುದು, ಉಳಿಯುವುದಾವುದು ಎಂಬುದನ್ನು ವಿವೇಚಿಸಬಹುದು. ಐದು ಗಂಟೆಯ ಆಟದಲ್ಲಿಯೂ ಊರು ಕಂಬ ನೆಡಬಹುದು, ಅನ್ನವಿಕ್ಕಬಹುದು, ತೀರ್ಪು ಹೇಳಬಹುದು. ಇಡೀ ರಾತ್ರಿಯ ಆಟದಲ್ಲಿಯೂ ಎಲ್ಲ ಕೆಲಸವನ್ನು ಬಾಡಿಗೆಯವರಿಗೆ ಒಪ್ಪಿಸಿ ಯಜಮಾನನು ಛಾಯಾಚಿತ್ರಕ್ಕೆ ಮಾತ್ರ ನಿಲ್ಲಬಹುದು. ಹೊತ್ತಿನ ಉದ್ದಕ್ಕಿಂತ ಪಾಲಿನ ಆಳವೇ ಮುಖ್ಯ.

7. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದಾಗಿದೆ. ಯಾವ ಕಲೆಯ ವೆಚ್ಚ, ದುಡಿಮೆ, ತಿಳಿವು, ತೀರ್ಪು ಈ ನಾಲ್ಕೂ ಜನರಲ್ಲಿ ಹಂಚಿಕೆಯಾಗಿರುವುವೋ ಅದು ಸಮುದಾಯದ ಕಲೆ. ಇವುಗಳಲ್ಲಿ ಒಂದೊಂದು ಕಡಿಮೆಯಾದಂತೆ ಅದು ಪ್ರದರ್ಶನವಾಗುತ್ತ ಹೋಗುತ್ತದೆ. ಹಂಚಿಕೆಯು ಅಸಮವಾಗಿದ್ದಲ್ಲಿ ಆ ಅಸಮತೆಯೇ ಆ ಸಮಾಜದ ಚಿತ್ರವಾಗುತ್ತದೆ. ಆದುದರಿಂದ ಇಂತಹ ಕಲೆಯು ಇತಿಹಾಸಕಾರನಿಗೆ ಶಾಸನದಷ್ಟೇ ಬೆಲೆಯುಳ್ಳ ಆಕರ.

ಆದರೆ ಶಾಸನವು ಕಲ್ಲಿನ ಮೇಲಿದೆ, ಕಾಯಬಲ್ಲದು. ಈ ಆಕರವು ಕಾಯಲಾರದು. ಹರಕೆಯ ಆಟದ ಖರ್ಚಿನ ಕಡತಗಳು, ಮುದ್ರಿತ ಕರೆಯೋಲೆಗಳು, ಮೇಳದ ಯಜಮಾನರ ಲೆಕ್ಕದ ಪುಸ್ತಕಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ದೊಂದಿಯ ಬೆಳಕಿನಲ್ಲಿ ಆಟ ನೋಡಿದ ಕಡೆಯ ತಲೆಮಾರಿನವರು ವಯೋವೃದ್ಧರಾಗಿದ್ದಾರೆ. ಯಾರು ಎಲ್ಲಿ ಕುಳಿತಿದ್ದರು, ಯಾರು ಏನನ್ನು ಕೊಟ್ಟರು, ಯಾರು ದೂರ ನಿಂತಿದ್ದರು ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಂದಲೇ ಆರಂಭಿಸಬಹುದು. ಅದಕ್ಕೆ ದೊಡ್ಡ ಅನುದಾನವು ಬೇಕಿಲ್ಲ. ಒಂದು ಪುಸ್ತಕ, ಒಂದು ಲೇಖನಿ, ಮುಂದಿನ ಪತ್ತನಾಜೆಯವರೆಗಿನ ಕೆಲವು ಸಂಜೆಗಳು, ಇಷ್ಟಿದ್ದರೆ ಸಾಕು.